ಸಾವಿನ ಸುದ್ದಿ ಓದುವ ರಾಷ್ಟ್ರಪತಿ

ರಾಜನನ್ನು ಬಿಡುವುದು ನಮಗೆ ಕಷ್ಟವಾಗಲಿಲ್ಲ. ಅವರಿದ್ದದ್ದು ಲಂಡನ್ನಿನಲ್ಲಿ, ನಾವಿದ್ದದ್ದು ಸೇಂಟ್ ಬಾರ್ನಬಸ್ ದ್ವೀಪದಲ್ಲಿ; ನಡುವೆ ನಾಲ್ಕು ಸಾವಿರ ಮೈಲಿ ಉಪ್ಪುನೀರು. ಇನ್ನು ಮುಂದೆ ನಮ್ಮದು ಗಣರಾಜ್ಯ ಎಂಬ ಮಸೂದೆ ಬಂದ ದಿನ ಸಂಸತ್ತಿನಲ್ಲಿ ಎರಡೂ ಪಕ್ಷದವರು ಮೇಜು ಕುಟ್ಟಿ ಒಪ್ಪಿಗೆ ಕೊಟ್ಟರು. ನಾನು ಆ ಸಂಸತ್ತಿನಲ್ಲಿ ಉಪಕಾರ್ಯದರ್ಶಿ. ಹದಿನೆಂಟು ವರ್ಷದ ನೌಕರಿಯಲ್ಲಿ ಅವರು ಒಟ್ಟಿಗೆ ಮೇಜು ಕುಟ್ಟಿದ್ದನ್ನು ನಾನು ನೋಡಿದ್ದು ಎರಡೇ ಸಲ. ಮೊದಲನೆಯದು, ಅವರ ಊಟದ ವಿರಾಮವನ್ನು ಒಂದು ಗಂಟೆಯಿಂದ ಎರಡು ಗಂಟೆಗೆ ಏರಿಸಿದಾಗ.

ತೊಡಕು ಶುರುವಾದದ್ದು ಆಮೇಲೆ. ರಾಜನ ಜಾಗಕ್ಕೆ ಒಬ್ಬ ರಾಷ್ಟ್ರಪತಿ ಬೇಕಲ್ಲ. ಅಧಿಕಾರವೆಲ್ಲ ಪ್ರಧಾನಿಯ ಕೈಯಲ್ಲೇ ಉಳಿಯುತ್ತದೆ. ರಾಷ್ಟ್ರಪತಿ ಸಹಿ ಹಾಕಬೇಕು, ರಿಬ್ಬನ್ ಕತ್ತರಿಸಬೇಕು, ಹಡಗಿನಲ್ಲಿ ಬಂದ ದೊಡ್ಡ ಮನುಷ್ಯರಿಗೆ ಕೈಕುಲುಕಬೇಕು, ಅಷ್ಟೇ. ಆದರೂ ಆರಿಸಲು ಮೂರರಲ್ಲಿ ಎರಡು ಪಾಲು ಮತ ಬೇಕೆಂದು ಮಸೂದೆಯಲ್ಲಿ ಬರೆದುಬಿಟ್ಟಿದ್ದರು. ಸರ್ಕಾರದ ಕಡೆ ಹನ್ನೊಂದು ಜನ, ವಿರೋಧದ ಕಡೆ ಹತ್ತು. ಎರಡೂ ಕಡೆಯವರು ಒಪ್ಪದೆ ಯಾರನ್ನೂ ಕೂರಿಸುವಂತಿರಲಿಲ್ಲ. ಹಾಗಾಗಿ ಆರು ಜನರ ಸಮಿತಿಯಾಯಿತು. ಒಂದು ಕಡೆ ಪ್ರಧಾನಿ ಕತ್ಬರ್ಟ್ ಲಜಾರ್ ಮತ್ತು ಇಬ್ಬರು ಮಂತ್ರಿಗಳು, ಇನ್ನೊಂದು ಕಡೆ ವಿರೋಧಪಕ್ಷದ ನಾಯಕಿ ಜೋಸೆಟ್ ಬೆಲ್ಮಾರ್ ಮತ್ತು ಅವರ ಇಬ್ಬರು. ಮೂಲೆಯಲ್ಲಿ ಟಿಪ್ಪಣಿ ಬರೆಯಲು ನಾನು.

ಜನರೇ ಮತ ಹಾಕಿ ಆರಿಸಲಿ ಎಂದು ಮೊದಲ ದಿನ ಯಾರೋ ಬಾಯಿತಪ್ಪಿ ಅಂದರು.

"ಜನ ಆರಿಸಿದ್ರೆ ಕೆಟ್ಟೆವು," ಎಂದರು ಲಜಾರ್. "ಅಂಥೋನು ತಾನೇನೋ ದೊಡ್ಡೋನು ಅಂದ್ಕೊಂಡ್ಬಿಡ್ತಾನೆ."

"ಅದಂತೂ ನಿಜ," ಎಂದರು ಬೆಲ್ಮಾರ್. ಆ ತಿಂಗಳಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಹೆಸರುಗಳು ಬಂದವು, ಬಂದಹಾಗೇ ಹೋದವು. ನಮ್ಮದು ಎಂಬತ್ತು ಸಾವಿರ ಜನರ ದ್ವೀಪ. ಇಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ನೆಂಟ, ಇಲ್ಲವೇ ನೆಂಟನಾಗುತ್ತೇನೆಂದು ಹೇಳಿ ಕೈಕೊಟ್ಟವನು. ಬಿಷಪ್ ಅಂದರೆ ಬೇರೆ ಪಂಗಡದ ಮೆಥಡಿಸ್ಟರು ಒಪ್ಪರು. ನಿವೃತ್ತ ನ್ಯಾಯಾಧೀಶರು ಬೆಲ್ಮಾರ್ ಅವರ ಸೋದರಮಾವನಿಗೆ ಎರಡು ವರ್ಷ ಜೈಲು ಹಾಕಿದ್ದರು. ಗವರ್ನರ್ ಜನರಲ್ ಆಗಿದ್ದ ಸರ್ ಅಲೋಷಿಯಸ್ ಅವರನ್ನೇ ಮುಂದುವರಿಸೋಣ ಎಂದರೆ, ಅವರು ಭಾಷಣದ ನಡುವೆ ನಿದ್ದೆ ಹೋಗುವವರು.

"ಎರಡೂ ಪಕ್ಷದ ಭಾಷಣಕ್ಕೂ ನಿದ್ದೆ ಮಾಡಿದಾರೆ. ಪಕ್ಷಪಾತ ಇಲ್ಲ ಅನ್ನೋದಕ್ಕೆ ಇನ್ನೇನು ಬೇಕು?" ಎಂದು ಕೃಷಿಮಂತ್ರಿ ವಾದಿಸಿದರು. ಆದರೆ ಸರ್ ಅಲೋಷಿಯಸ್ ಟೊರಾಂಟೊದಲ್ಲಿರುವ ಮಗಳ ಮನೆಗೆ ಆಗಲೇ ಪೆಟ್ಟಿಗೆ ಕಟ್ಟಿದ್ದರು.

ಕೊನೆಗೆ ವೇಗದ ಬೌಲರ್ ಡಾರ್ನೆಲ್ ಕ್ವಾಮಿ ಉಳಿದರು. ಇಡೀ ದ್ವೀಪ ಪೂಜಿಸುವ ಮನುಷ್ಯ.

"ಆಗಲ್ಲ," ಎಂದರು ಬೆಲ್ಮಾರ್.

"ಯಾಕಮ್ಮಾ? ಅವರೇನು ನಮ್ಮ ಪಕ್ಷದೋರಲ್ಲ."

"ನಮ್ಮ ಅಕ್ಕನ ಮದುವೆಗೆ ಚರ್ಚ್ ಗೊತ್ತುಮಾಡಿದ್ವಿ, ಕೇಕ್ ಆಗಿತ್ತು. ಆ ಮಹಾರಾಯ ಇಂಗ್ಲೆಂಡಿಗೆ ಕೌಂಟಿ ಆಡೋಕೆ ಹೋದ."

"ಅದು ಮೂವತ್ತು ವರ್ಷದ ಹಿಂದಿನ ಮಾತು!"

"ಅಕ್ಕ ಇನ್ನೂ ನಮ್ಮ ಮನೇಲೇ ಇದಾಳೆ ಲಜಾರ್. ದಿನಾ ಅವಳ ಜೊತೆ ಉಣ್ಣೋಳು ನಾನು."

ಹೀಗೆ ಏಳನೆಯ ಸಭೆಯೂ ಹಾಳಾಗಿ ಹೋಗುತ್ತಿರುವಾಗ ಗೋಡೆಯ ಗಡಿಯಾರ ಹನ್ನೆರಡೂವರೆ ತೋರಿಸಿತು. ಎಲ್ಲರೂ ಮಾತು ನಿಲ್ಲಿಸಿದರು. ನಾನು ಎದ್ದು ರೇಡಿಯೋ ಹಾಕಿದೆ. ನಮ್ಮಲ್ಲಿ ಆ ಹೊತ್ತಿಗೆ ಯಾರೂ ಮಾತಾಡುವುದಿಲ್ಲ. ಮೀನು ಮಾರುವವಳೂ ಕೈಯ ಕತ್ತಿ ಕೆಳಗಿಡುತ್ತಾಳೆ. ಅದು ಸಾವಿನ ಸುದ್ದಿ ಓದುವ ಹೊತ್ತು.

ಓದುವವರು ಯುಲಾಲಿ ಫ್ರೆಡರಿಕ್. ದ್ವೀಪದವರಿಗೆಲ್ಲ ಟಾಂಟಿ ಯುಲಾಲಿ. ಚಿಕ್ಕಮ್ಮನನ್ನೂ ಅತ್ತೆಯನ್ನೂ ನೆರೆಮನೆಯ ಹಿರಿಯಳನ್ನೂ ನಾವು ಟಾಂಟಿ ಎಂದೇ ಕರೆಯುವುದು. ಮೂವತ್ತೊಂದು ವರ್ಷದಿಂದ ದಿನವೂ ಅದೇ ದನಿ. ಸತ್ತವರ ಹೆಸರು, ಊರಲ್ಲಿ ಕರೆಯುತ್ತಿದ್ದ ಅಡ್ಡಹೆಸರು, ಗಂಡ ಹೆಂಡತಿ, ಬ್ರೂಕ್ಲಿನ್ನಿನಲ್ಲಿರುವ ಮಕ್ಕಳು, ಮೊಮ್ಮಕ್ಕಳು, ಮಣ್ಣು ಮಾಡುವ ಹೊತ್ತು. ಯಾರದ್ದನ್ನೂ ಅವಸರದಲ್ಲಿ ಓದಿದವರಲ್ಲ. ಬ್ಯಾಂಕಿನ ಯಜಮಾನನಿಗೆ ಎಷ್ಟು ಹೊತ್ತೋ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುತ್ತಿದ್ದವಳಿಗೂ ಅಷ್ಟೇ ಹೊತ್ತು.

ಲಜಾರ್ ಮತ್ತು ಬೆಲ್ಮಾರ್ ಇಬ್ಬರೂ ಪೆನ್ನು ಹಿಡಿದು ಯಾವ ಯಾವ ಅಂತ್ಯಕ್ರಿಯೆಗೆ ಹೋಗಬೇಕೆಂದು ಬರೆದುಕೊಂಡರು. ರಾಜಕಾರಣಿಗೆ ಅದು ತಪ್ಪಿಸಲಾಗದ ಕೆಲಸ. ಸುದ್ದಿ ಮುಗಿಯಿತು. ಕೃಷಿಮಂತ್ರಿ ಆಕಳಿಸುತ್ತ, "ಇವರಾಗಬಹುದಲ್ವಾ?" ಎಂದರು.

ಆರು ಜನರೂ ಟಾಂಟಿಯ ಮೇಲೆ ಏನಾದರೂ ದೂರು ಸಿಗುತ್ತದೆಯೇ ಎಂದು ತಮ್ಮ ತಮ್ಮ ಮನಸ್ಸಿನಲ್ಲಿ ಹುಡುಕುತ್ತಿದ್ದರೆಂದು ಕಾಣುತ್ತದೆ. ಸಿಗಲಿಲ್ಲ.

ಲಜಾರ್ ಮುಖ ಮಾತ್ರ ಸ್ವಲ್ಪ ಕೆಂಪಾಗಿತ್ತು. ಅವರ ತಂದೆ ತೀರಿಕೊಂಡಾಗ ಮನೆಯವರು ನಾಲ್ಕು ಮಕ್ಕಳ ಹೆಸರು ಬರೆದು ಕಳಿಸಿದ್ದರು. ಟಾಂಟಿ ಅವರ ತಾಯಿಗೆ ಫೋನ್ ಮಾಡಿ, "ದಕ್ಷಿಣದ ಕಡೆ ಇನ್ನಿಬ್ಬರು ಇದಾರಂತಲ್ಲಮ್ಮ, ಓದ್ಲಾ ಬೇಡವಾ? ನೀವು ಹೇಳಿದ ಹಾಗೆ," ಎಂದು ಕೇಳಿದ್ದರು. ಆ ತಾಯಿ, "ಓದು ಯುಲಾಲಿ, ಅವೂ ಅಪ್ಪನ್ನ ಕಳ್ಕೊಂಡ ಮಕ್ಕಳೇ," ಎಂದರಂತೆ. ವಯಸ್ಸಿನ ಕ್ರಮದಲ್ಲಿ ಆರೂ ಹೆಸರು ಬಂದವು. ಲಜಾರ್ ತಮಗೊಬ್ಬ ಅಣ್ಣನಿದ್ದಾನೆಂದು ತಿಳಿದದ್ದು ರೇಡಿಯೋದಿಂದ. ಈಗ ಆ ಅಣ್ಣ ಅವರ ಕ್ಷೇತ್ರದಲ್ಲಿ ಚುನಾವಣೆ ನೋಡಿಕೊಳ್ಳುತ್ತಾನೆ.

"ಒಳ್ಳೆ ಹೆಂಗಸು," ಎಂದರು ಲಜಾರ್. "ಮೂವತ್ತೊಂದು ವರ್ಷದಲ್ಲಿ ತನ್ನದು ಅಂತ ಒಂದು ಮಾತು ಆಡಿಲ್ಲ."

"ಮುಂದೆ ಏನಿಟ್ರೆ ಅದನ್ನ ಓದ್ತಾರೆ," ಎಂದರು ಬೆಲ್ಮಾರ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರ ತಲೆಯಲ್ಲೂ ಒಂದೇ ಲೆಕ್ಕಾಚಾರ ಓಡುತ್ತಿತ್ತೆಂದು ನನಗೆ ಗೊತ್ತು, ಆದರೆ ಟಿಪ್ಪಣಿಯಲ್ಲಿ ನಾನು ಬರೆದದ್ದು 'ಒಮ್ಮತ' ಎಂದು.

ಮರುದಿನ ಬೆಳಿಗ್ಗೆ ಇಬ್ಬರನ್ನೂ ನನ್ನ ಕಾರಿನಲ್ಲೇ ಕೂರಿಸಿಕೊಂಡು ಟಾಂಟಿಯ ಊರಾದ ಪಾಂಟ್ ರೂಜ್‌ಗೆ ಹೋದೆ. ಬೆಟ್ಟದ ಇಳಿಜಾರಿನಲ್ಲಿ ಎರಡು ಕೋಣೆಯ ಮರದ ಮನೆ. ಟಾಂಟಿ ಏಪ್ರನ್ ಕಟ್ಟಿಕೊಂಡು ಹಿಟ್ಟಿನ ಬಿಲ್ಲೆಗಳನ್ನು ಎಣ್ಣೆಯಲ್ಲಿ ಕರಿಯುತ್ತಿದ್ದರು. ಅರವತ್ತೊಂಬತ್ತು ವರ್ಷದ ತೆಳ್ಳನೆಯ ಹೆಂಗಸು. ದನಿ ಕೇಳಿ ದೊಡ್ಡ ಆಳು ಅಂದುಕೊಂಡಿದ್ದ ಲಜಾರ್ ಒಂದು ಕ್ಷಣ ಅವರ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಯಾರು ಹೋದ್ರು?" ಎಂದರು ಟಾಂಟಿ, ನಮ್ಮ ಇಬ್ಬರೂ ನಾಯಕರು ಒಟ್ಟಿಗೆ ಬಾಗಿಲಲ್ಲಿ ನಿಂತಿದ್ದನ್ನು ಕಂಡು.

"ಯಾರೂ ಹೋಗಿಲ್ಲ ಟಾಂಟಿ," ಎಂದೆ ನಾನು. "ನಿಮ್ಮನ್ನ ರಾಷ್ಟ್ರಪತಿ ಮಾಡಬೇಕು ಅಂತ ಬಂದಿದಾರೆ."

ಅವರು ಬಿಲ್ಲೆಯನ್ನು ಮಗುಚಿ ಹಾಕಿದರು. "ಕೂತ್ಕೊಳ್ಳಿ. ಬಿಸಿ ಇದೆ, ತಿನ್ನಿ. ಯಾಕೆ ನನ್ನ?"

ಲಜಾರ್ ಗಂಟಲು ಸರಿಮಾಡಿಕೊಂಡರು. ಜನರ ದನಿ, ದೇಶದ ಆತ್ಮ, ಕಷ್ಟಸುಖ ಎಂದೆಲ್ಲ ಹತ್ತು ನಿಮಿಷ ಮಾತಾಡಿದರು. ಉಪ್ಪುಮೀನಿನ ಪಲ್ಯದ ಜೊತೆ ನಾಲ್ಕು ಬಿಲ್ಲೆಯನ್ನೂ ತಿಂದರು. ಟಾಂಟಿ ಎಲ್ಲ ಕೇಳಿಸಿಕೊಂಡು ಬೆಲ್ಮಾರ್ ಕಡೆ ತಿರುಗಿದರು.

"ನೀನು ಹೇಳಮ್ಮಾ, ನೀನು ಸ್ವಲ್ಪ ಚಿಕ್ಕದಾಗಿ ಹೇಳ್ತೀಯ."

"ನಿಮ್ಮ ಮೇಲೆ ಯಾರಿಗೂ ಕೋಪ ಇಲ್ಲ ಟಾಂಟಿ," ಎಂದರು ಬೆಲ್ಮಾರ್. "ಈ ದ್ವೀಪದಲ್ಲಿ ಅಂಥೋರು ನೀವೊಬ್ಬರೇ."

"ನಾನು ಒಪ್ಕೊಂಡ್ರೆ ಸುದ್ದಿ ಯಾರು ಓದೋದು?"

"ಅದಕ್ಕೇನು, ಯಾರಾದ್ರೂ ಓದ್ತಾರೆ," ಎಂದರು ಲಜಾರ್.

ಟಾಂಟಿ ಒಲೆ ಆರಿಸಿದರು. ಕೈ ಒರೆಸಿಕೊಂಡು ಬಂದು ನಮ್ಮೆದುರು ಕೂತರು.

"ನನ್ನ ಮಗ ಜೂಲಿಯನ್ ದೋಣಿ ಮಗುಚಿ ಹೋದಾಗ ರೇಡಿಯೋದೋರು, ನೀನು ಮನೇಲಿರು, ಬೇರೆ ಯಾರಾದ್ರೂ ಓದ್ತಾರೆ ಅಂದ್ರು. ಆ ಹುಡುಗಿ ಅಭ್ಯಾಸ ಮಾಡೋದನ್ನ ನಾನೇ ನಿಂತು ಕೇಳ್ದೆ. ಜೂಲಿಯಾನ ಅಂದ್ಳು. ನನ್ನ ಮಗನ್ನ ಹೆಣ್ಣು ಮಾಡಿದ್ಳು. ಅವಳ ಕೈಯಿಂದ ಕಾಗದ ತಗೊಂಡು ನಾನೇ ಓದ್ದೆ. 'ತಾಯಿ ಯುಲಾಲಿ' ಅನ್ನೋ ಕಡೆ ಒಂದು ಉಸಿರು ಜಾಸ್ತಿ ತಗೊಂಡೆ, ಅಷ್ಟೇ." ಅವರು ಲಜಾರ್ ಮುಖವನ್ನೇ ನೋಡುತ್ತಿದ್ದರು. "ಯಾರಾದ್ರೂ ಓದ್ತಾರೆ ಅನ್ಬೇಡಪ್ಪ."

ಲಜಾರ್ ತಟ್ಟೆ ಕೆಳಗಿಟ್ಟರು.

ಒಂದು ಷರತ್ತಿನ ಮೇಲೆ ಟಾಂಟಿ ಒಪ್ಪಿದರು. ರಾಷ್ಟ್ರಪತಿಯಾದ ಮೇಲೂ ದಿನಾ ಹನ್ನೆರಡೂವರೆಗೆ ತಾವೇ ಓದಬೇಕು. ಕಾನೂನು ಸಲಹೆಗಾರರು, ರಾಷ್ಟ್ರದ ಮುಖ್ಯಸ್ಥರು ಬೇರೆ ನೌಕರಿ ಹಿಡಿಯುವಂತಿಲ್ಲ ಎಂದು ಅಡ್ಡ ಹಾಕಿದರು. ಸಂಬಳವಿಲ್ಲದೆ ಓದುತ್ತೇನೆ, ಆಗ ನೌಕರಿ ಹೇಗಾದೀತು ಎಂದರು ಟಾಂಟಿ. ಲಜಾರ್ ನಕ್ಕು ಬಿಟ್ಟುಕೊಟ್ಟರು. "ಮುದುಕಿಗೆ ಹತ್ತು ನಿಮಿಷ ಸಂತೋಷವಾಗಿದ್ರೆ ಇರ್ಲಿ ಬಿಡ್ರಿ," ಎಂದು ಆಮೇಲೆ ಬೆಲ್ಮಾರ್‌ಗೆ ಹೇಳಿದರು. ಬೆಲ್ಮಾರ್ ಕೂಡ ನಕ್ಕರು.

ಪ್ರಮಾಣವಚನ ಕ್ರಿಕೆಟ್ ಮೈದಾನದಲ್ಲಿ. ಹದಿನೈದು ಸಾವಿರ ಜನ, ಪೊಲೀಸ್ ಬ್ಯಾಂಡು, ಹೊಸ ಬಾವುಟ. ಟಾಂಟಿ ನೀಲಿ ಟೊಪ್ಪಿಗೆ ಹಾಕಿಕೊಂಡು ಮೈಕಿನ ಮುಂದೆ ನಿಂತು, ಲಂಡನ್ನಿನ ಅರಸೊತ್ತಿಗೆಯೊಂದಿಗಿನ ನಮ್ಮ ಸಂಬಂಧ ಇಂದಿಗೆ ಕೊನೆಗೊಂಡಿತು ಎಂಬ ಘೋಷಣೆಯನ್ನು ಓದಿದರು. ಓದಿದ್ದು ತಮಗೆ ಗೊತ್ತಿದ್ದ ಒಂದೇ ಧಾಟಿಯಲ್ಲಿ. ಮೊದಲ ಸಾಲಿಗೇ ಮೈದಾನದ ಗಂಡಸರೆಲ್ಲ ಟೊಪ್ಪಿಗೆ ತೆಗೆದರು. ಎರಡನೆಯ ಸಾಲಿಗೆ ಹೆಂಗಸರು ಕರವಸ್ತ್ರ ಹುಡುಕಿದರು.

"ಯಾರು ತೀರ್ಕೊಂಡಿದ್ದು?" ಎಂದು ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಕೇಳಿದ.

"ರಾಜ," ಎಂದ ಪಕ್ಕದವನು.

"ಅಯ್ಯೋ ಪಾಪ. ಮಣ್ಣು ಎಷ್ಟೊತ್ತಿಗಂತೆ?"

ಮೊದಲ ಕೆಲವು ತಿಂಗಳು ಎಲ್ಲ ಸುಗಮವಾಗಿತ್ತು. ಟಾಂಟಿ ಬೆಟ್ಟದ ಮೇಲಿನ ರಾಷ್ಟ್ರಪತಿ ಭವನಕ್ಕೆ ಬಂದರು. ನನ್ನನ್ನು ಅವರ ಕಾರ್ಯದರ್ಶಿಯಾಗಿ ಕಳಿಸಿಕೊಟ್ಟರು. ಬೆಳಿಗ್ಗೆ ಅವರು ಸಹಿ ಹಾಕುತ್ತಿದ್ದರು. ಹನ್ನೆರಡಕ್ಕೆ ಬಾವುಟ ಹಾರುವ ಕಪ್ಪು ಕಾರು ಮೀನು ಪೇಟೆಯ ಹಿಂದಿನ ರೇಡಿಯೋ ಕಚೇರಿಗೆ ಇಳಿಯುತ್ತಿತ್ತು. ಓದಿ ಹೊರಗೆ ಬಂದರೆ ಮೀನಿನವಳು ಕಿಟಕಿಯಲ್ಲಿ ಕೈಹಾಕಿ, "ರಾಷ್ಟ್ರಪತಿಯಮ್ಮಾ, ಬಾಲದ ಕಡೆ ತುಂಡು, ಮುಳ್ಳಿಲ್ಲ," ಎಂದು ಪೊಟ್ಟಣ ತೂರುತ್ತಿದ್ದಳು. ಶಿಷ್ಟಾಚಾರದ ಅಧಿಕಾರಿ ಎರಡು ಸಲ ಆಕ್ಷೇಪಿಸಿದರು. ಮೂರನೆಯ ಸಲ ತಮಗೂ ಒಂದು ಪೊಟ್ಟಣ ಹೇಳಿದರು.

ಆಮೇಲೆ ಸೆಪ್ಟೆಂಬರಿನಲ್ಲಿ ಒಂದು ದಿನ ಒಂದು ಕಾಗದ ಬಂತು. ಗ್ರಾಂಡ್ ಮಾರೆ ಊರಿನ ನೆರಿಸಾ ಪಾಲ್, ಐವತ್ತೆಂಟು ವರ್ಷ, ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಗಂಡ, ಐದು ಮಕ್ಕಳು, ಎಲ್ಲ ಬರೆದು ಕೊನೆಗೆ ಮನೆಯವರು ಎರಡು ಸಾಲು ಸೇರಿಸಿದ್ದರು: 'ಆಸ್ಪತ್ರೆಯ ಡಯಾಲಿಸಿಸ್ ಯಂತ್ರ ಕೆಟ್ಟು ಮೂರು ತಿಂಗಳಾಗಿತ್ತು. ನೆರಿಸಾ ಕಾದಳು.'

ಟಾಂಟಿ ರೂಢಿಯಂತೆ ಮನೆಗೆ ಫೋನ್ ಮಾಡಿ ಪ್ರತಿ ಹೆಸರನ್ನೂ ಕೇಳಿಕೊಂಡರು. ಆಸ್ಪತ್ರೆಗೂ ಫೋನ್ ಮಾಡಿ ಯಂತ್ರದ ಬಗ್ಗೆ ವಿಚಾರಿಸಿದರು. ಆಮೇಲೆ ಬರೆದದ್ದನ್ನು ಬರೆದ ಹಾಗೆ ಓದಿದರು.

ಇಂಥ ಸಾಲುಗಳು ಹಿಂದೆಯೂ ಬಂದಿದ್ದವು, ಅವರು ಓದಿದ್ದರು, ಜನ ಕೇಳಿ ನಿಟ್ಟುಸಿರು ಬಿಟ್ಟಿದ್ದರು. ಆಗ ಓದುತ್ತಿದ್ದವಳು ಪಾಂಟ್ ರೂಜ್‌ನ ಒಬ್ಬ ಟಾಂಟಿ. ಈಗ ಓದಿದವರು ದೇಶದ ಮುಖ್ಯಸ್ಥರು. ಸಂಜೆಯೊಳಗೆ ಆಸ್ಪತ್ರೆಯ ಮುಂದೆ ನಾನೂರು ಜನ ಸೇರಿದರು. ನೆರೆ ದ್ವೀಪಗಳ ಪತ್ರಿಕೆಗಳು 'ಆರೋಗ್ಯ ಇಲಾಖೆಗೆ ರಾಷ್ಟ್ರಪತಿ ಚಾಟಿ' ಎಂದು ಬರೆದವು.

ಲಜಾರ್ ಮರುದಿನ ಬೆಳಿಗ್ಗೆಯೇ ಭವನಕ್ಕೆ ಬಂದರು, ಕೂರಲಿಲ್ಲ.

"ಏನ್ ಟಾಂಟಿ ಇದು? ರಾಷ್ಟ್ರಪತಿ ಸರ್ಕಾರನ ಟೀಕೆ ಮಾಡೋ ಹಾಗಿಲ್ಲ!"

"ನಾನೆಲ್ಲಿ ಮಾಡ್ದೆ? ನೆರಿಸಾ ಗಂಡ ಬರೆದಿದ್ದು ಓದ್ದೆ."

"ಆ ಸಾಲು ಬಿಟ್ಟು ಓದ್ಬೇಕಿತ್ತು."

"ನಿಮ್ಮಪ್ಪನ ಕಾಗದದಲ್ಲೂ ಎರಡು ಹೆಸರು ಬಿಟ್ಟಿದ್ರು, ಕತ್ಬರ್ಟ್. ನಿಮ್ಮಮ್ಮ ಓದು ಅಂದ್ರು."

ಲಜಾರ್ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ರೇಡಿಯೋ ಸರ್ಕಾರದ್ದು. ಇನ್ನು ಮುಂದೆ ಸಾವಿನ ಸುದ್ದಿಯಲ್ಲಿ ಹೆಸರು, ವಯಸ್ಸು, ನೆಂಟರು, ಮಣ್ಣಿನ ಹೊತ್ತು ಬಿಟ್ಟು ಬೇರೇನೂ ಇರಬಾರದೆಂದು ಅಪ್ಪಣೆ ಹೊರಟಿತು. ಟಾಂಟಿ ತಕರಾರು ಮಾಡಲಿಲ್ಲ. ಮರುದಿನ ಮೊದಲ ಸುದ್ದಿ ಓದಿ ಮುಗಿಸಿ, "ಈ ಮನೆಯವರು ಇನ್ನೂ ಒಂದು ಸಾಲು ಬರೆದಿದ್ದಾರೆ. ಅದನ್ನು ಓದಬಾರದೆಂದು ಅಪ್ಪಣೆಯಾಗಿದೆ," ಎಂದರು. ಮೂರು ಸೆಕೆಂಡು ಸುಮ್ಮನಿದ್ದು ಎರಡನೆಯದಕ್ಕೆ ಹೋದರು. ಅಂದು ಅಂಥವು ಮೂರಿದ್ದವು. ಓದದೆ ಬಿಟ್ಟ ಸಾಲಿನಲ್ಲಿ ಏನಿದ್ದಿರಬಹುದೆಂದು ಪ್ರತಿ ರಮ್ ಅಂಗಡಿಯಲ್ಲೂ ಚರ್ಚೆಯಾಯಿತು. ಸೊಳ್ಳೆ ಕಚ್ಚಿ ಜ್ವರ ಬಂದು ಸತ್ತವನನ್ನು ಪೊಲೀಸರು ಕೊಂದರೆಂದು ಉತ್ತರದ ಊರುಗಳಲ್ಲಿ ಜನ ಠಾಣೆಗೆ ಕಲ್ಲು ತೂರಿದರು. ನಿಜವಾಗಿ ಆ ಸಾಲಿನಲ್ಲಿದ್ದದ್ದು, ಶವಯಾತ್ರೆಗೆ ಬರುವವರು ದಯವಿಟ್ಟು ಕಪ್ಪು ಬಟ್ಟೆ ಹಾಕಬೇಡಿ, ಅವನಿಗೆ ಹಳದಿ ಇಷ್ಟ ಎಂದು. ನಾಲ್ಕನೆಯ ದಿನ ಅಪ್ಪಣೆ ವಾಪಸಾಯಿತು. ಹತ್ತನೆಯ ದಿನ ಡಯಾಲಿಸಿಸ್ ಯಂತ್ರ ಓಡಿತು.

ಬೆಲ್ಮಾರ್ ಅವರ ಸಂತೋಷಕ್ಕೆ ಮಿತಿಯಿರಲಿಲ್ಲ. ಎಲ್ಲೇ ಭಾಷಣ ಮಾಡಿದರೂ, "ಟಾಂಟಿಯನ್ನ ಆರಿಸಿದ್ದು ನಾವು!" ಎನ್ನುತ್ತಿದ್ದರು. ಟಾಂಟಿಯನ್ನು ಇಳಿಸಲು ಲಜಾರ್ ಮೂರರಲ್ಲಿ ಎರಡು ಪಾಲು ಮತ ಕೇಳಿದಾಗ ಬೆಲ್ಮಾರ್ ಬಾಗಿಲು ಮುಚ್ಚಿಕೊಂಡರು. ಮುಂದಿನ ವರ್ಷದ ಚುನಾವಣೆಯಲ್ಲಿ ಅವರೇ ಗೆದ್ದು ಪ್ರಧಾನಿಯಾದರು.

ಪ್ರಮಾಣವಚನ ಬೋಧಿಸಿದ್ದು ಟಾಂಟಿ. ಐದು ತಿಂಗಳಿಗೆ ದಕ್ಷಿಣದಲ್ಲಿ ಇಬ್ಬರು ಮೀನುಗಾರರು ಮುಳುಗಿದರು. ಮನೆಯವರು ಬರೆದ ಕಾಗದದಲ್ಲಿ, ಕರಾವಳಿ ಕಾವಲಿನ ದೋಣಿ ಆ ಹೊತ್ತಿನಲ್ಲಿ ಮಂತ್ರಿಯೊಬ್ಬರ ಅತಿಥಿಗಳನ್ನು ಡಾಲ್ಫಿನ್ ನೋಡಲು ಕರೆದೊಯ್ದಿತ್ತು ಎಂದಿತ್ತು. ಆ ಕಾಗದ ಓದುವ ಮುನ್ನ ಟಾಂಟಿ ಬಹಳ ಹೊತ್ತು ಅದನ್ನು ಹಿಡಿದುಕೊಂಡು ಕೂತಿದ್ದರು. ದೋಣಿ ಕಟ್ಟೆಗೆ ನನ್ನನ್ನೇ ಕಳಿಸಿ ವಿಚಾರಿಸಿದರು. ನಿಜವಾಗಿತ್ತು. ಓದಿದರು. ಆವತ್ತು ಒಂದು ಕಡೆ ದನಿ ಸ್ವಲ್ಪ ಒಡೆಯಿತು. ಅದು ಮಂತ್ರಿಯ ಸಾಲಿನಲ್ಲಲ್ಲ, ಚಿಕ್ಕವನ ವಯಸ್ಸು ಓದುವಾಗ.

ಬೆಲ್ಮಾರ್ ಭವನಕ್ಕೆ ಬಂದವರು ಕೂತರು, ಅತ್ತರೂ ಕೂಡ.

"ನಾನು ನಿಮ್ಮ ಪರ ನಿಂತೋಳು ಟಾಂಟಿ. ನನಗೇ ಹೀಗ್ ಮಾಡ್ತೀರಾ?"

"ನೀನು ಕೂತಿರೋ ಕುರ್ಚಿ ಹಾಗಿದೆ ಮಗಳೇ. ಅಳಬೇಡ. ದೋಣೀನ ಮೊದಲು ವಾಪಸ್ ತರ್ಸು."

ಎರಡೂ ಪಕ್ಷಕ್ಕೂ ಟಾಂಟಿ ಬೇಡವಾಗಿದ್ದರು. ಆದರೆ ಇಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ದ್ವೀಪದಲ್ಲಿ ಸಾವಾಗದ ಮನೆ ಇಲ್ಲ, ಪ್ರತಿ ಮನೆಯಲ್ಲೂ ಮತಗಳಿದ್ದವು. ಐದು ವರ್ಷದ ಅವಧಿ ಮುಗಿಯುವುದನ್ನು ಇಬ್ಬರೂ ಕಾದರು. ಮತ್ತೆ ಆರು ಜನರ ಸಮಿತಿ ಸೇರಿತು, ಮತ್ತೆ ಮೂಲೆಯಲ್ಲಿ ನಾನು.

"ಈ ಸಲ ಚೆನ್ನಾಗಿ ಮಾತಾಡೋರು ಬೇಕು," ಎಂದರು ಲಜಾರ್.

"ತುಂಬಾ ಮಾತಾಡೋರು," ಎಂದರು ಬೆಲ್ಮಾರ್. "ಏನು ಹೇಳಿದ್ರು ಅಂತ ಯಾರಿಗೂ ನೆನಪಿರಬಾರದು."

ನಿವೃತ್ತ ವಕೀಲ ಹೊರೇಷಿಯೋ ಡುಪ್ರೆ ಅವರನ್ನು ಹನ್ನೊಂದು ನಿಮಿಷದಲ್ಲಿ ಆರಿಸಿದರು. ಅವರು ಒಪ್ಪಿಗೆಯ ಮಾತು ಹೇಳಲು ಐವತ್ತು ನಿಮಿಷ ತೆಗೆದುಕೊಂಡರು. ಟಾಂಟಿಯ ಬೀಳ್ಕೊಡುಗೆಯಲ್ಲಿ ಎರಡೂ ಪಕ್ಷದವರು ಎದ್ದು ನಿಂತು ಮೇಜು ಕುಟ್ಟಿದರು. ಅಷ್ಟು ಜೋರಾಗಿ ಕುಟ್ಟಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನೇ ಅವರನ್ನು ಪಾಂಟ್ ರೂಜ್‌ಗೆ ಕರೆದುಕೊಂಡು ಹೋದೆ. ಎರಡು ಪೆಟ್ಟಿಗೆ, ಒಂದು ಬಾಣಲೆ. ಐದು ವರ್ಷ ಮುಚ್ಚಿದ್ದ ಮನೆಯೊಳಗೆ ಧೂಳು ತುಂಬಿತ್ತು. ದಾರಿಯುದ್ದಕ್ಕೂ ನನಗೆ ಒಂದೇ ಕೊರಗು, ಇವರಿಗೆ ಅನ್ಯಾಯವಾಯಿತಲ್ಲ ಎಂದು. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟೆ.

"ನಿಮಗೆ ಬೇಜಾರಿಲ್ವಾ ಟಾಂಟಿ?"

"ಯಾಕೋ ಲಿಯೋ? ಆ ಮನೇಲಿ ಮೆಟ್ಟಿಲು ಜಾಸ್ತಿ. ಈ ಕಿಟಕಿ ತೆಗಿ ಸ್ವಲ್ಪ, ಗಾಳಿ ಆಡ್ಲಿ."

ಕಿಟಕಿ ಉಬ್ಬಿಕೊಂಡು ಕೂತಿತ್ತು. ಇಬ್ಬರೂ ಸೇರಿ ತಳ್ಳಿದೆವು. ತೆರೆಯಿತು, ಜೊತೆಗೆ ಒಂದು ಕಡೆಯ ಕೀಲೂ ಕಿತ್ತುಕೊಂಡು ನನ್ನ ಕೈಗೆ ಬಂತು.

"ಬಡಗಿ ಸಿಲ್ವೆಸ್ಟರ್‌ಗೆ ಹೇಳು, ನಾಳೆ ಬಂದು ಸರಿಮಾಡ್ಲಿ," ಎಂದರು.

"ಸಿಲ್ವೆಸ್ಟರ್ ಹೋಗಿ ಎರಡು ವರ್ಷ ಆಯ್ತಲ್ಲ ಟಾಂಟಿ. ನೀವೇ ಓದಿದ್ರಿ."

ಅವರು ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದರು. ತುಟಿ ಸಣ್ಣಗೆ ಅಲುಗುತ್ತಿತ್ತು.

"ಹೌದು. ಹೆಂಡ್ತಿ ಮಾರ್ವಾ. ಮಕ್ಕಳು ಕ್ಲೈವ್, ಇವೆಟ್, ಡೆನ್ಝಿಲ್, ಆಮೇಲೆ ಕ್ಯುರಸಾವ್‌ ದ್ವೀಪದಲ್ಲಿರೋ ಲಿನೆಟ್." ಪೊರಕೆ ಮತ್ತೆ ಕೈಗೆ ತೆಗೆದುಕೊಂಡರು. "ಡೆನ್ಝಿಲ್ ಅಪ್ಪನ ಕೆಲಸ ಕಲ್ತಿದ್ದ. ಚರ್ಚ್ ಹಿಂದಿನ ಓಣೀಲಿ ಇದಾನೆ. ಅವನಿಗೆ ಹೇಳು."